‘ತಬ್ಬಿಬ್ಬು’: ಒಂದು ಶಬ್ದವಿಚಾರ



ನಾವು ದಿನನಿತ್ಯ ಆಡುವ ಮಾತಿನಲ್ಲಿ ಕೆಲವು ಪದಗಳುಂಟು. ಅವುಗಳ ಅರ್ಥವನ್ನು ಕೋಶದಲ್ಲಿ ಹುಡುಕುವ ಪ್ರಸಂಗ ಯಾರಿಗೂ ಒದಗುವುದಿಲ್ಲ. ‘ತಬ್ಬಿಬ್ಬು’ ಅಂಥ ಪದಗಳಲ್ಲೊಂದು. ಅಕ್ಷರ ಬಲ್ಲವರೂ ಅರಿಯದವರೂ ಸಮಾನವಾಗಿ ಬಳಸುವ ಮಾತಿದು. ಎಲ್ಲರಿಗೂ ತಿಳಿದಿದೆ ಎಂಬ ಕಾರಣದಿಂದಲೇ ಅದರ ವಿಚಾರವನ್ನು ಯಾರೂ ಮಾಡಹೋಗುವುದಿಲ್ಲ. ಮೂವತ್ತು ವರುಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಕನ್ನಡವನ್ನು ಪಾಠ ಹೇಳಿದ ನನಗೆ, ಈ ಪದವನ್ನು ನಾವು ಬಳಸುವ ರೀತಿಯಲ್ಲಿ ಸಣ್ಣದಲ್ಲದ ಒಂದು ಅನ್ಯಾಯ ಅಡಗಿದೆಯೆಂದು ಬಹುಕಾಲದಿಂದ ಅನಿಸುತ್ತ ಬಂದಿದೆ. ಅದನ್ನು ತಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಪದದ ಸ್ವರೂಪವನ್ನು ನೋಡೋಣ. ‘ತಬ್ಬಿಬ್ಬು’ ಎಂದು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿರಿ. ಮೂರೇ ಅಕ್ಷರಗಳ ಈ ಪದದಲ್ಲಿ ತುಟಿಗಳು ಎರಡು ಸಲ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತವೆ. ‘ಬ’ಕಾರವು ಓಷ್ಠ್ಯವರ್ಣ, ಅದರ ದ್ವಿತ್ವವು ಒಂದರ ಹಿಂದೆ ಒಂದರಂತೆ ಎರಡು ಬಾರಿ ಬಂದಿದೆ. ಮಾತು ಹೊರಡುತ್ತದೆ, ತಡೆಯುತ್ತದೆ. ಮತ್ತೆ ಹೊರಡುತ್ತದೆ, ಮತ್ತೆ ತಡೆಯುತ್ತದೆ. ತಬ್ಬಿಬ್ಬಾದ ಮನುಷ್ಯನ ಬಾಯಿಯೂ ಹೀಗೆಯೇ ಅಲ್ಲವೆ? ಹೇಳಬೇಕಾದ ಮಾತು ತುಟಿಯವರೆಗೆ ಬಂದು ಅಲ್ಲಿಯೇ ನಿಂತುಬಿಡುತ್ತದೆ. ಛಂದಸ್ಸನ್ನು ಓದಿದವರು ಇನ್ನೊಂದು ಚಮತ್ಕಾರವನ್ನು ಗಮನಿಸಬಹುದು. ಮೊದಲೆರಡು ಅಕ್ಷರಗಳು ಒತ್ತಕ್ಷರಗಳ ಹಿಂದೆ ಇರುವುದರಿಂದ ಗುರುಗಳು, ಕೊನೆಯದು ಲಘು. ಗುರು, ಗುರು, ಲಘು ಎಂದರೆ ತಗಣವಾಯಿತು. ತಕಾರದಿಂದಲೇ ಮೊದಲಾಗುವ ಪದವು ತಗಣವೇ ಆಗಿರುವುದು ಆಕಸ್ಮಿಕವಾದರೂ, ಪಾಠ ಹೇಳುವ ಉಪಾಧ್ಯಾಯರಿಗೆ ಒಳ್ಳೆಯ ಉದಾಹರಣೆಯಾಗಿ ಒದಗುತ್ತದೆ. ಎರಡು ಸಲ ಎಡವಿ ಮೂರನೆಯ ಹೆಜ್ಜೆಯನ್ನು ಹಗುರಾಗಿ ಇಟ್ಟವನ ನಡಿಗೆಯಂತಿದೆ ಈ ಪದದ ನಡೆ.

ಇನ್ನು ಅರ್ಥದ ವಿಚಾರ. ರೆವರೆಂಡ್ ಕಿಟೆಲ್ಲರ ಕೋಶವು ೧೮೯೪ರಲ್ಲಿ ಮಂಗಳೂರಿನಿಂದ ಪ್ರಕಟವಾಯಿತು. ಅನಂತರ ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳ ಬೃಹತ್ಕೋಶವನ್ನು ನಾಡಿಗಿತ್ತಿತು. ಇಂಥ ಕೋಶಗಳಿಗೆ ನಾವು ಎಷ್ಟು ಋಣಿಗಳಾದರೂ ಸಾಲದು. ಆದರೆ ಕೋಶದ ಧರ್ಮವೇ ಒಂದು ಪದಕ್ಕೆ ಸಮೀಪದ ಇನ್ನೊಂದು ಪದವನ್ನು ಹೇಳುವುದು. ಗಾಬರಿ, ಗಲಿಬಿಲಿ, ಗೊಂದಲ, ದಿಗ್ಭ್ರಮೆ, ಕಕ್ಕಾಬಿಕ್ಕಿ, ಕಂಗಾಲು, ಕಸಿವಿಸಿ, ಕಳವಳ, ತಳಮಳ, ತಲ್ಲಣ ಎಂದು ಒಂದೇ ಉಸಿರಿಗೆ ಹತ್ತು ಪದಗಳನ್ನು ಹೇಳಿಬಿಡಬಹುದು. ಇವೆಲ್ಲವೂ ಒಂದೇ ಎಂದು ಬಗೆದರೆ ಭಾಷೆಗೆ ದ್ರೋಹ ಬಗೆದಂತೆ. ಒಂದೇ ಮನೆಯ ಅಣ್ಣತಮ್ಮಂದಿರ ಮುಖಗಳು ಹೋಲುತ್ತವೆ. ಆದರೆ ಹೆತ್ತ ತಾಯಿಗೆ ಗುರುತು ತಪ್ಪುವುದುಂಟೆ?

‘ಗಾಬರಿ’ಯು ಮರಾಠಿ ಹಿಂದಿಗಳ ಕಡೆಯಿಂದ ನಮ್ಮಲ್ಲಿಗೆ ಬಂದು ನೆಲೆಸಿದ ಪದ. ಅದರ ತಿರುಳು ಭಯ. ಹಾವನ್ನು ಕಂಡರೆ ಗಾಬರಿಯಾಗುತ್ತದೆ. ಮಗು ಹೊತ್ತಾದರೂ ಮನೆಗೆ ಬಾರದಿದ್ದರೆ ಗಾಬರಿಯಾಗುತ್ತದೆ. ‘ಗಲಿಬಿಲಿ’ ಹೊರಗಿನದು; ಅದಕ್ಕೆ ಜನ ಬೇಕು, ಸದ್ದು ಬೇಕು. ಸಭೆಯಲ್ಲಿ ಗಲಿಬಿಲಿಯಾಯಿತೆಂದರೆ ಸಹಜ; ಸಭೆಗೆ ಸಭೆಯೇ ತಬ್ಬಿಬ್ಬಾಯಿತೆಂದರೆ ಕಿವಿಗೆ ಅಷ್ಟು ಹಿತವಾಗದು. ‘ಗೊಂದಲ’ದ ಕಥೆ ಸ್ವಾರಸ್ಯವಾದದ್ದು. ಅಂಬಾಭವಾನಿಯ ಭಕ್ತರಾದ ಗೊಂದಲಿಗರು ರಾತ್ರಿಯೆಲ್ಲ ಸಂಬಾಳ ಬಾರಿಸಿ, ಹಾಡಿ ಕುಣಿದು ನಡೆಸುವ ಆರಾಧನೆಗೇ ಗೊಂದಲವೆಂಬ ಹೆಸರುಂಟು. ಈಗ ಅದೇ ಪದ ಲೆಕ್ಕಪತ್ರಗಳಿಗೆ, ಕಡತಗಳಿಗೆ, ವಿಷಯಗಳಿಗೆ ಅಂಟಿಕೊಂಡಿದೆ. ಲೆಕ್ಕದಲ್ಲಿ ಗೊಂದಲವಿದ್ದೀತು, ಲೆಕ್ಕ ತಬ್ಬಿಬ್ಬಾಗಲಾರದು. ಆ ಲೆಕ್ಕವನ್ನು ಒಪ್ಪಿಸಬೇಕಾದ ಗುಮಾಸ್ತ ತಬ್ಬಿಬ್ಬಾದಾನು!

‘ದಿಗ್ಭ್ರಮೆ’ಯ ಅರ್ಥವನ್ನು ಪದವೇ ಬಿಡಿಸಿ ಹೇಳುತ್ತದೆ: ದಿಕ್ಕುಗಳ ಅರಿವು ತಪ್ಪುವುದು. ದೊಡ್ಡ ಆಘಾತಕ್ಕೆ ಸಲ್ಲುವ ಮಾತದು. ‘ಕಂಗಾಲು’ ದೀರ್ಘಕಾಲದ ಅವಸ್ಥೆ. ಹಿಂದಿಯಲ್ಲಿ ಅದರ ಸೋದರಪದಕ್ಕೆ ಬಡವನೆಂದೇ ಅರ್ಥ. ಮಳೆ ಬಾರದೆ ರೈತನು ಕಂಗಾಲಾಗುತ್ತಾನೆ. ಅಲ್ಲಿ ತಬ್ಬಿಬ್ಬಾದನೆಂದು ಬರೆದರೆ ಅವನ ಸಂಕಟವನ್ನು ಹಗುರ ಮಾಡಿದಂತಾದೀತು. ‘ಕಳವಳ’, ‘ತಳಮಳ’, ‘ತಲ್ಲಣ’ಗಳು ಒಳಗೊಳಗೇ ಕುದಿಯುವಂಥವು, ಹೊರಗಿನವರಿಗೆ ಕಾಣದಿರಬಹುದು. ‘ಕಸಿವಿಸಿ’ಯಲ್ಲಿ ಸಂಕೋಚದ ಪಾಲು ಹೆಚ್ಚು. ‘ಕಕ್ಕಾಬಿಕ್ಕಿ’ಯಲ್ಲಿ ಬೆರಗಿನ ಪಾಲು ಹೆಚ್ಚು, ಕಣ್ಣು ಅಗಲವಾಗಿ ಬಾಯಿ ತೆರೆದುಕೊಂಡವನ ಚಿತ್ರ ಅದು.

ಇವೆಲ್ಲವುಗಳ ನಡುವೆ ತಬ್ಬಿಬ್ಬಿನ ಜಾಗ ಯಾವುದು? ನಾನು ಕಂಡುಕೊಂಡ ಲಕ್ಷಣಗಳು ಮೂರು. ಅದು ಥಟ್ಟನೆ ಬರುತ್ತದೆ. ಅದು ಇನ್ನೊಬ್ಬರ ಎದುರಿನಲ್ಲಿ ಬರುತ್ತದೆ. ಒಂಟಿಯಾಗಿ ಕುಳಿತವನು ತಬ್ಬಿಬ್ಬಾಗುವುದು ಅಪರೂಪ. ಅದು ಸ್ವಲ್ಪ ಹೊತ್ತಿನಲ್ಲಿ ಹೋಗುತ್ತದೆ. ‘ಆರು ತಿಂಗಳಿಂದ ತಬ್ಬಿಬ್ಬಾಗಿದ್ದಾನೆ’ ಎಂದು ಯಾರೂ ಹೇಳುವುದಿಲ್ಲ. ಈ ಮೂರನೆಯ ಲಕ್ಷಣವನ್ನು ವಾಚಕರು ನೆನಪಿನಲ್ಲಿಡಬೇಕಾಗಿ ಪ್ರಾರ್ಥನೆ.

ತಬ್ಬಿಬ್ಬಾಗುವುದಕ್ಕೆ ಕೆಡುಕೇ ಎದುರಾಗಬೇಕೆಂದೇನೂ ಇಲ್ಲ. ನೆರೆಯ ತೆಲುಗಿನಲ್ಲಿಯೂ ಇದೇ ಪದವುಂಟು. ಅಲ್ಲಿ ಅದು ಆನಂದದೊಡನೆ ಸಲೀಸಾಗಿ ಸೇರುತ್ತದೆ. ಸಂತೋಷದಿಂದ ಉಬ್ಬಿ ತಬ್ಬಿಬ್ಬಾದರೆಂಬ ಮಾತು ಆ ಜನರ ಬಾಯಲ್ಲಿ ನಿತ್ಯವೂ ಕೇಳಿಬರುತ್ತದೆ. ನಮ್ಮಲ್ಲಿಯೂ ತುಂಬಿದ ಸಭೆಯಲ್ಲಿ ಹಠಾತ್ತನೆ ಶಾಲು ಹೊದಿಸಿದರೆ ತಬ್ಬಿಬ್ಬಾಗುವ ಸಾತ್ತ್ವಿಕರಿದ್ದಾರೆ. ಇದೇ ದಾರಿಯಲ್ಲಿ ಬಹಳ ದೂರ ನಡೆದುಬಂದ ಪದವೆಂದರೆ ‘ಸಂಭ್ರಮ’. ಅದರಲ್ಲಿರುವುದು ಸುತ್ತುವುದು, ಅಲೆಯುವುದು ಎಂಬರ್ಥದ ‘ಭ್ರಮ್’ ಧಾತು. ಸಂಸ್ಕೃತದಲ್ಲಿ ಸಂಭ್ರಮಕ್ಕೆ ಗಡಿಬಿಡಿ, ಕಳವಳ, ಆತುರ ಎಂಬ ಅರ್ಥಗಳು ಪ್ರಧಾನವಾಗಿವೆ. ಕನ್ನಡಿಗರು ಅದನ್ನು ಹಬ್ಬದ ಮನೆಗೆ ಕರೆದುಕೊಂಡು ಬಂದರು. ಮದುವೆಯ ದಿನ ಮನೆಯ ಯಜಮಾನಿಯನ್ನು ನೋಡಿರಿ: ಬೀಗದ ಕೈ ಎಲ್ಲಿಟ್ಟೆನೆಂದು ತಿಳಿಯದು, ಯಾರು ಉಂಡರೆಂದು ತಿಳಿಯದು, ಒಳಗಿಂದ ಹೊರಗೆ ಹೊರಗಿಂದ ಒಳಗೆ ಸುತ್ತಿದ್ದೇ ಸುತ್ತಿದ್ದು. ಅದು ಗಡಿಬಿಡಿಯೂ ಹೌದು, ಆನಂದವೂ ಹೌದು. ಸುತ್ತಲೂ ಇರುವವರು ನಮ್ಮವರಾದರೆ ಗಡಿಬಿಡಿಯೇ ಸಂಭ್ರಮವಾಗುತ್ತದೆ. ಸುತ್ತಲಿನವರು ಪರಕೀಯರಾಗಿ, ಮೇಜಿನಾಚೆ ಕುಳಿತು ಪ್ರಶ್ನೆ ಹಾಕತೊಡಗಿದರೆ ಅದೇ ಗಡಿಬಿಡಿ ತಬ್ಬಿಬ್ಬಾಗುತ್ತದೆ.

ಈಗ ವ್ಯಾಕರಣಕ್ಕೆ ಬರೋಣ. ನನ್ನ ಮಾತಿನ ಕೀಲಿರುವುದು ಅಲ್ಲಿಯೇ. ‘ತಬ್ಬಿಬ್ಬು’ ನಾಮಪದ. ತಾನಾಗಿ ಅದು ಕ್ರಿಯೆಯಾಗದು. ಅದಕ್ಕೆ ‘ಆಗು’ ಎಂಬ ಧಾತು ಬೇಕು, ಇಲ್ಲವೆ ‘ಮಾಡು’, ‘ಗೊಳಿಸು’ ಎಂಬವು ಬೇಕು. ‘ಹುಡುಗನು ತಬ್ಬಿಬ್ಬಾದನು’ ಎಂಬಲ್ಲಿ ಕರ್ತೃ ಹುಡುಗ, ಕ್ರಿಯೆ ಅಕರ್ಮಕ. ‘ಪರೀಕ್ಷಕರು ಹುಡುಗನನ್ನು ತಬ್ಬಿಬ್ಬು ಮಾಡಿದರು’ ಎಂಬಲ್ಲಿ ಕರ್ತೃ ಪರೀಕ್ಷಕರು, ಹುಡುಗನು ಕರ್ಮ. ನಡೆದ ಘಟನೆ ಒಂದೇ. ಆದರೆ ಮೊದಲನೆಯ ವಾಕ್ಯದಲ್ಲಿ ಪರೀಕ್ಷಕರು ಕಾಣದೆ ಹೋಗಿದ್ದಾರೆ. ನಡೆದುದಕ್ಕೆಲ್ಲ ಹುಡುಗನೊಬ್ಬನೇ ಹೊಣೆಯೆಂಬ ಭಾವ ಉಳಿದುಕೊಂಡಿದೆ. ಇನ್ನೊಂದು ವಿಶೇಷವನ್ನೂ ನೋಡಿರಿ. ‘ಓಡು’, ‘ನಿಲ್ಲು’, ‘ಮಾತಾಡು’ ಎಂದು ಆಜ್ಞಾಪಿಸಬಹುದು. ‘ತಬ್ಬಿಬ್ಬಾಗು’ ಎಂದು ಯಾರಾದರೂ ಆಜ್ಞಾಪಿಸಿದ್ದನ್ನು ಕೇಳಿದ್ದೀರಾ? ‘ತಬ್ಬಿಬ್ಬಾಗಬೇಡ’ ಎಂಬ ನಿಷೇಧ ಮಾತ್ರ ಬಳಕೆಯಲ್ಲಿದೆ. ಏಕೆಂದರೆ ಅದು ಇಚ್ಛೆಯಿಂದ ಆಗುವ ಕೆಲಸವಲ್ಲ. ಇಚ್ಛೆಯಿಲ್ಲದೆ ಆದುದಕ್ಕೆ ಒಬ್ಬನನ್ನು ಅಪರಾಧಿಯೆಂದೋ ಅಜ್ಞಾನಿಯೆಂದೋ ತೀರ್ಮಾನಿಸುವುದು ನ್ಯಾಯವೆ?

ಆದರೂ ನಾವು ನಿತ್ಯ ಮಾಡುತ್ತಿರುವುದು ಅದನ್ನೇ. ಸಂದರ್ಶನದಲ್ಲಿ ಹಳ್ಳಿಯ ತರುಣ ತಬ್ಬಿಬ್ಬಾದರೆ ಅವನಿಗೆ ವಿಷಯ ತಿಳಿಯದೆಂದು ಬರೆಯುತ್ತೇವೆ. ವೈದ್ಯರ ಮುಂದೆ ರೋಗಿ ತಬ್ಬಿಬ್ಬಾದರೆ ಅವನ ಮಾತಿಗೆ ಬೆಲೆಯಿಲ್ಲವೆನ್ನುತ್ತೇವೆ. ಕಳವಿನ ಸುದ್ದಿ ಹಬ್ಬಿದ ಮನೆಯಲ್ಲಿ ಕೆಲಸದ ಹೆಂಗಸು ತಬ್ಬಿಬ್ಬಾದರೆ, ‘ನೋಡಿದಿರಾ, ಹೇಗೆ ತಬ್ಬಿಬ್ಬಾದಳು!’ ಎನ್ನುತ್ತೇವೆ. ಈ ಕೊನೆಯ ವಾಕ್ಯದಲ್ಲಿ ಸಾಕ್ಷಿಯೂ ಇಲ್ಲ, ವಿಚಾರಣೆಯೂ ಇಲ್ಲ; ಆದರೆ ತೀರ್ಪು ಮಾತ್ರ ಹೊರಬಿದ್ದಾಗಿದೆ.

ನಮ್ಮ ಮನೆಯಲ್ಲಿಯೇ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕೆನಿಸುತ್ತದೆ. ನಮ್ಮ ತಂದೆಯವರೂ ಶಾಲಾ ಉಪಾಧ್ಯಾಯರೇ. ಅವರು ೧೯೮೧ರಲ್ಲಿ ಕಾಲವಾದರು. ಕುಟುಂಬ ವೇತನದ ಸಲುವಾಗಿ ತಾಯಿಯವರನ್ನು ಕರೆದುಕೊಂಡು ಒಂದು ಕಚೇರಿಗೆ ಹೋದೆವು. ಕಾಗದಪತ್ರಗಳೆಲ್ಲ ಸರಿಯಾಗಿದ್ದವು. ಮೇಜಿನಾಚೆ ಇದ್ದ ಗೃಹಸ್ಥರು, ನನ್ನನ್ನು ಸುಮ್ಮನಿರಲು ಹೇಳಿ, ತಲೆಯೆತ್ತದೆಯೇ ತಾಯಿಯವರನ್ನು ಕೇಳಿದರು: ‘ನಿನ್ನ ಗಂಡನ ಹೆಸರೇನು?’

ಆ ಕಾಲದ ಹೆಂಗಸರ ರೀತಿ ವಾಚಕರಿಗೆ ಗೊತ್ತೇ ಇದೆ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇರಲಿಲ್ಲ. ಮದುವೆ ಮುಂಜಿಗಳಲ್ಲಿ ನಾಲ್ಕು ಜನ ಹೆಂಗಸರು ಒತ್ತಾಯ ಮಾಡಿದಾಗ ಒಡಪು ಕಟ್ಟಿ, ಅದರ ಪ್ರಾಸದಲ್ಲಿ ಹೆಸರನ್ನು ಅಡಗಿಸಿ, ಹೇಳಿದೊಡನೆ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದರು. ನಲವತ್ತು ವರುಷ ಸಂಸಾರ ಮಾಡಿದ ನಮ್ಮ ತಾಯಿ, ಒಡಪಿನಲ್ಲಿ ಬಿಟ್ಟರೆ ಆ ಹೆಸರನ್ನು ಉಚ್ಚರಿಸಿದವರೇ ಅಲ್ಲ. ಈಗ ಗಂಡನು ತೀರಿಹೋಗಿ ಎರಡು ತಿಂಗಳಾಗಿರುವಾಗ, ಪರಗಂಡಸರ ಮುಂದೆ, ಒರಟಾಗಿ ಕೇಳಿದ ಪ್ರಶ್ನೆಗೆ ಅವರು ಏನು ಹೇಳಬೇಕು? ನನ್ನ ಮುಖ ನೋಡಿದರು, ನೆಲ ನೋಡಿದರು, ತುಟಿ ಅಲುಗಿತು, ಮಾತು ಹೊರಡಲಿಲ್ಲ. ಗೃಹಸ್ಥರು ಮತ್ತೆ ಕೇಳಿದರು. ಈ ಸಲ ಧ್ವನಿ ಇನ್ನೂ ಏರಿತ್ತು. ತಾಯಿಯವರ ಕಣ್ಣಲ್ಲಿ ನೀರು ಬಂತು. ಕಡತದ ಮೇಲೆ ಅವರು ಬರೆದ ವಾಕ್ಯವನ್ನು ನಾನು ಅನಂತರ ಓದಿದೆ: ‘ಅರ್ಜಿದಾರಳು ಪತಿಯ ಹೆಸರು ಕೇಳಲಾಗಿ ತಬ್ಬಿಬ್ಬಾದಳು. ಸ್ಥಳ ವಿಚಾರಣೆ ಅಗತ್ಯ.’

ಆ ಒಂದು ವಾಕ್ಯದ ದೆಸೆಯಿಂದ ಏಳು ತಿಂಗಳು ವೇತನ ನಿಂತಿತು. ಊರಿನಲ್ಲಿ ಪಂಚನಾಮೆಯಾಯಿತು, ಮದುವೆಗೆ ಬಂದಿದ್ದ ಮುದುಕರನ್ನು ಹುಡುಕಿ ಹೇಳಿಕೆ ಪಡೆದದ್ದಾಯಿತು. ತಾನು ತನ್ನ ಗಂಡನಿಗೆ ಹೆಂಡತಿಯಾಗಿದ್ದೆನೆಂಬುದನ್ನು ಸಾಕ್ಷಿ ಹಾಕಿ ಸಾಧಿಸಬೇಕಾಯಿತಲ್ಲ ಎಂಬ ನೋವು ತಾಯಿಯವರನ್ನು ಕೊನೆಯವರೆಗೂ ಬಿಡಲಿಲ್ಲ. ಹಣ ತಡವಾದ ಬಗ್ಗೆ ಅವರು ಎಂದೂ ಮಾತನಾಡಲಿಲ್ಲ.

ಏಳು ತಿಂಗಳ ತರುವಾಯ ಅದೇ ಕಚೇರಿಗೆ ಇನ್ನೊಮ್ಮೆ ಹೋದಾಗ ಬೇರೊಬ್ಬರು ಆ ಕುರ್ಚಿಯಲ್ಲಿದ್ದರು. ವಯಸ್ಸಾದವರು. ತಾಯಿಯವರನ್ನು ಕುಳ್ಳಿರಿಸಿ, ನೀರು ತರಿಸಿ, ಕಾಗದವನ್ನು ಮುಂದೆ ಹಿಡಿದು, ‘ಅವ್ವಾ, ಇದರಾಗ ಬರೆದಿರೋ ಹೆಸರು ನಿಮ್ಮ ಮನಿಯವರದೇ ಏನ್ರಿ? ನಾ ಓದತೀನಿ, ನೀವು ಹೌದು ಅಂದರ ಸಾಕು’ ಎಂದರು. ಓದಿದರು. ತಾಯಿ ತಲೆಯಾಡಿಸಿದರು. ಎರಡು ನಿಮಿಷದಲ್ಲಿ ಕೆಲಸ ಮುಗಿಯಿತು. ಪ್ರಶ್ನೆ ಅದೇ, ಉತ್ತರವೂ ಅದೇ. ಕೇಳಿದ ರೀತಿ ಮಾತ್ರ ಬೇರೆ. ಮೊದಲಿನವರ ವಾಕ್ಯವನ್ನು ವ್ಯಾಕರಣಶುದ್ಧವಾಗಿ ಬರೆಯುವುದಾದರೆ, ‘ನಾನು ಅರ್ಜಿದಾರಳನ್ನು ತಬ್ಬಿಬ್ಬು ಮಾಡಿದೆನು’ ಎಂದು ಬರೆಯಬೇಕಾಗಿತ್ತು.

ಈ ವಿವೇಕವನ್ನು ನಮ್ಮ ಕಾನೂನು ಪೂರ್ತಿಯಾಗಿ ಮರೆತಿಲ್ಲ. ಸಾಕ್ಷಿ ನುಡಿಯುವವನ ವರ್ತನೆಯಲ್ಲಿ ಮಹತ್ವದ್ದೆನಿಸಿದುದನ್ನು ನ್ಯಾಯಾಧೀಶರು ದಾಖಲಿಸಬೇಕೆಂದು ೧೯೭೩ರ ದಂಡ ಪ್ರಕ್ರಿಯಾ ಸಂಹಿತೆಯ ೨೮೦ನೆಯ ಪ್ರಕರಣವು ಹೇಳುತ್ತಿತ್ತು. ಅದೇ ಕಾಲಕ್ಕೆ, ಅವಮಾನಿಸುವ ಅಥವಾ ಪೀಡಿಸುವ ಉದ್ದೇಶದ ಪ್ರಶ್ನೆಯನ್ನೂ, ಪ್ರಶ್ನೆ ಸರಿಯಿದ್ದರೂ ವೃಥಾ ನೋಯಿಸುವ ರೂಪದಲ್ಲಿ ಕೇಳುವುದನ್ನೂ ನ್ಯಾಯಾಲಯವು ತಡೆಯತಕ್ಕದ್ದೆಂದು ೧೮೭೨ರ ಸಾಕ್ಷ್ಯ ಅಧಿನಿಯಮದ ೧೫೨ನೆಯ ಪ್ರಕರಣವು ವಿಧಿಸಿತ್ತು. ೨೦೨೪ರ ಜುಲೈ ೧ರಿಂದ ಈ ಎರಡು ಕಾಯಿದೆಗಳ ಸ್ಥಾನದಲ್ಲಿ ಹೊಸ ಕಾಯಿದೆಗಳು ಜಾರಿಗೆ ಬಂದಿವೆ. ಈ ನಿಯಮಗಳು ಅವುಗಳಲ್ಲಿಯೂ ಉಳಿದುಬಂದಿವೆ. ಉತ್ತರಿಸುವವನ ಮುಖವನ್ನು ನೋಡುವುದರೊಡನೆ ಕೇಳುವವನ ಮುಖವನ್ನೂ ನೋಡಬೇಕೆಂಬುದೇ ಇದರ ತಾತ್ಪರ್ಯ. ನ್ಯಾಯಾಲಯಕ್ಕೆ ಬೇಕಾದ ಈ ಎಚ್ಚರ ನಮ್ಮ ಮನೆ, ಶಾಲೆ, ಕಚೇರಿಗಳಿಗೆ ಬೇಡವೆ?

ಶಾಲೆಯ ಮಾತು ಬಂದುದರಿಂದ ಇದೊಂದನ್ನು ಹೇಳಿಬಿಡುತ್ತೇನೆ. ನಾನು ಹೊಸದಾಗಿ ಸೇರಿದ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಹಿರಿಯರು ಮಿತಭಾಷಿಗಳು. ಒಮ್ಮೆ ತನಿಖೆಗೆ ಬಂದ ಅಧಿಕಾರಿಗಳು, ಮಗ್ಗಿಯಲ್ಲಿ ಎಂದೂ ತಪ್ಪದ ಒಬ್ಬ ಹುಡುಗನನ್ನು ಎಬ್ಬಿಸಿ ಏಳೆಂಟಲೆ ಎಷ್ಟೆಂದು ಗದರಿ ಕೇಳಿದರು. ಹುಡುಗನ ನಾಲಿಗೆ ಕಚ್ಚಿಕೊಂಡಿತು. ಹಿರಿಯರು ಮೆಲ್ಲನೆ, ‘ಹೊರಗೆ ಹೋಗಿ ನೀರು ಕುಡಿದು ಬಾರಪ್ಪ’ ಎಂದರು. ಹೋಗಿ ಬಂದ ಹುಡುಗ ಬಾಗಿಲಲ್ಲಿ ನಿಂತೇ ‘ಐವತ್ತಾರು’ ಎಂದ. ತರಗತಿಯೆಲ್ಲ ನಕ್ಕಿತು, ಅಧಿಕಾರಿಗಳೂ ನಕ್ಕರು. ಮಗ್ಗಿ ಅವನ ತಲೆಯಲ್ಲಿ ಇದ್ದೇ ಇತ್ತು. ಬಾಗಿಲು ಮಾತ್ರ ಒಂದು ಕ್ಷಣ ಮುಚ್ಚಿಕೊಂಡಿತ್ತು. ಮೇಲೆ ಹೇಳಿದ ಮೂರನೆಯ ಲಕ್ಷಣ ಇದೇ: ತಬ್ಬಿಬ್ಬು ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಹೋಗುತ್ತದೆ. ಅಷ್ಟು ಹೊತ್ತನ್ನು ಕೊಡುವುದಷ್ಟೇ ನಮ್ಮ ಕೆಲಸ.

ಅಷ್ಟು ಹೊತ್ತನ್ನು ಕೊಡದಿರುವುದನ್ನೇ ಕಸುಬು ಮಾಡಿಕೊಂಡವರು ಈಗ ಹುಟ್ಟಿಕೊಂಡಿದ್ದಾರೆ. ದೂರವಾಣಿ ಮೊಳಗುತ್ತದೆ, ಪೋಲೀಸರೆಂದೋ ತನಿಖಾಧಿಕಾರಿಗಳೆಂದೋ ಹೇಳಿಕೊಂಡವರು, ‘ನಿಮ್ಮ ಹೆಸರಿನಲ್ಲಿ ಮಾದಕವಸ್ತುಗಳ ಪೊಟ್ಟಣ ಸಿಕ್ಕಿದೆ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ವೀಡಿಯೋ ಮುಂದಿನಿಂದ ಏಳಕೂಡದು, ಯಾರಿಗೂ ಹೇಳಕೂಡದು’ ಎಂದು ಬೆದರಿಸುತ್ತಾರೆ. ನಿವೃತ್ತರು, ವಿದ್ಯಾವಂತರು, ಲೋಕಾನುಭವವುಳ್ಳವರು ಕೂಡ ಜೀವಮಾನದ ಉಳಿತಾಯವನ್ನು ಕಳುಹಿಸಿಬಿಟ್ಟಿದ್ದಾರೆ. ಜನರು ಅವರನ್ನೇ ದಡ್ಡರೆಂದು ಹಳಿಯುತ್ತಾರೆ. ಅದು ಸಲ್ಲದು. ಅವರಿಗೆ ಬುದ್ಧಿ ಇರಲಿಲ್ಲವೆಂದಲ್ಲ. ಬುದ್ಧಿ ಓಡಲು ಬೇಕಾದ ಬಿಡುವನ್ನು ಕಳ್ಳರು ಕೊಡಲಿಲ್ಲ. ಭಾರತದ ಯಾವ ಕಾನೂನಿನಲ್ಲಿಯೂ ಡಿಜಿಟಲ್ ಅರೆಸ್ಟ್ ಎಂಬುದಿಲ್ಲ. ೨೦೨೪ರ ಅಕ್ಟೋಬರ್ ೨೭ರಂದು ಪ್ರಧಾನಮಂತ್ರಿಗಳು ತಮ್ಮ ಬಾನುಲಿ ಭಾಷಣದಲ್ಲಿ ಈ ವಂಚನೆಯನ್ನು ಪ್ರಸ್ತಾಪಿಸಿ, ಮೊದಲು ನಿಲ್ಲುವುದು, ಆಮೇಲೆ ಯೋಚಿಸುವುದು, ಅನಂತರ ಕ್ರಮ ಕೈಗೊಳ್ಳುವುದು ಎಂಬ ಮೂರು ಮೆಟ್ಟಿಲುಗಳನ್ನು ಸೂಚಿಸಿದರು. ಹಣ ಕಳೆದುಕೊಂಡವರು ತಡಮಾಡದೆ ದೂರು ನೀಡಲು ೧೯೩೦ ಎಂಬ ಸಹಾಯವಾಣಿಯೂ ಇದೆ. ಮನೆಯ ಹಿರಿಯರಿಗೆ ಈ ಸಂಖ್ಯೆಯನ್ನು ಬರೆದುಕೊಡಿರಿ. ಅದರೊಡನೆ ಇನ್ನೊಂದು ಮಾತನ್ನೂ ಹೇಳಿರಿ: ‘ತಬ್ಬಿಬ್ಬಾದೆನೆನಿಸಿದ ಕೂಡಲೇ ದೂರವಾಣಿಯನ್ನು ಕೆಳಗಿಡಿ, ನೀರು ಕುಡಿಯಿರಿ, ನಮ್ಮನ್ನು ಕೂಗಿರಿ, ಯಾರೂ ನಿಮ್ಮನ್ನು ನಗುವುದಿಲ್ಲ.’ ನಗುವರೆಂಬ ಅಂಜಿಕೆಯಿಂದಲೇ ಎಷ್ಟೋ ಜನ ಮನೆಯವರಿಗೆ ತಿಳಿಸದೆ ಮುಳುಗಿದ್ದಾರೆ. ನಾವು ಅವರನ್ನು ನಗದಿದ್ದರೆ ಕಳ್ಳನ ಅರ್ಧ ಬಲ ಉಡುಗಿತೆಂದೇ ತಿಳಿಯಬೇಕು.

ವಾಚಕರಲ್ಲಿ ಬಹುಮಂದಿ ಒಂದಿಲ್ಲೊಂದು ಕುರ್ಚಿಯಲ್ಲಿ ಕುಳಿತವರು. ಉಪಾಧ್ಯಾಯರಿದ್ದೀರಿ, ಅಧಿಕಾರಿಗಳಿದ್ದೀರಿ, ವೈದ್ಯರು, ವಕೀಲರು, ಬ್ಯಾಂಕಿನವರಿದ್ದೀರಿ. ಮನೆಯ ಯಜಮಾನಿಕೆಯೂ ಒಂದು ಕುರ್ಚಿಯೇ. ನಿಮ್ಮಲ್ಲಿ ಅನೇಕರು ಹರಕು ಚೀಲವನ್ನು ಹೆಗಲಿಗೆ ಹಾಕಿಕೊಂಡು ಹಳ್ಳಿಯಿಂದ ಪೇಟೆಗೆ ಓದಲು ಬಂದವರು. ಮೊದಲ ದಿನ ಹೆಸರೇನೆಂದು ಕೇಳಿದರೆ ಊರ ಹೆಸರನ್ನು ಹೇಳಿದವರು ನಿಮ್ಮಲ್ಲಿಯೂ ಇದ್ದೀರಿ. ಅಂದು ಯಾರೋ ಒಬ್ಬರು ಹೆಗಲ ಮೇಲೆ ಕೈಯಿಟ್ಟು, ‘ಅಂಜಬೇಡ ತಮ್ಮಾ, ನಿಧಾನವಾಗಿ ಹೇಳು’ ಎಂದಿರಬೇಕು. ಹಾಗೆ ಹೇಳಿದವರ ಋಣ ದೊಡ್ಡದು. ಅದನ್ನು ಅವರಿಗೇ ತೀರಿಸುವುದು ಸಾಧ್ಯವಾಗದು. ನಮ್ಮ ಮೇಜಿನ ಮುಂದೆ ಬಂದು ನಿಂತವರಿಗೆ ತೀರಿಸಬೇಕು.

ಆದುದರಿಂದ ನನ್ನ ವಿಜ್ಞಾಪನೆ ಇಷ್ಟೇ. ಯಾರನ್ನಾದರೂ ಕುರಿತು ‘ತಬ್ಬಿಬ್ಬಾದರು’ ಎಂದು ಹೇಳುವಾಗ ಅಥವಾ ಬರೆಯುವಾಗ, ತಬ್ಬಿಬ್ಬು ಮಾಡಿದವರು ಯಾರೆಂಬುದನ್ನೂ ಒಂದು ಗಳಿಗೆ ಕೇಳಿಕೊಳ್ಳಿರಿ. ಅದು ನಾವೇ ಆಗಿದ್ದರೆ ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಂಡು, ತಗ್ಗಿದ ಧ್ವನಿಯಲ್ಲಿ ಇನ್ನೊಮ್ಮೆ ಕೇಳೋಣ. ಎದುರಿನವರಿಗೆ ಕುಳಿತುಕೊಳ್ಳಲು ಹೇಳೋಣ; ಒಂದು ಲೋಟ ನೀರು ಕೊಡೋಣ. ಉತ್ತರ ಬಂದೇ ಬರುತ್ತದೆ.